ಕರೆ: ಮನೋವಿಶ್ಲೇಷಣೆಯಲ್ಲಿ ಕಳೆದ ಮೂರೂವರೆ ವರ್ಷ

ಗಂಟಲಿನಲ್ಲಿ ಒಂದು ಗಂಟು. ಊಟ ಸಲೀಸಾಗಿ ಇಳಿಯುತ್ತಿತ್ತು, ನೀರೂ ಇಳಿಯುತ್ತಿತ್ತು. ಸುಮ್ಮನೆ ಉಗುಳು ನುಂಗಿದಾಗ ಮಾತ್ರ ಏನೋ ಅಡ್ಡ ನಿಂತಂತೆ. ಆರು ತಿಂಗಳು ಹೀಗೇ ಆದ ಮೇಲೆ ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಹೋದೆ. ಮೂಗಿನ ಮೂಲಕ ಸಣ್ಣ ಕೊಳವೆ ಇಳಿಸಿ ನೋಡಿದರು. ಥೈರಾಯ್ಡ್ ಪರೀಕ್ಷೆ ಆಯಿತು, ಸ್ಕ್ಯಾನ್ ಆಯಿತು. ಎಲ್ಲವೂ ಸರಿಯಾಗಿತ್ತು. ರಿಪೋರ್ಟು ಮಡಿಸಿ ಕೊಡುತ್ತಾ ಅವರು, "ಇತ್ತೀಚೆಗೆ ಮನೇಲಿ ಏನಾದ್ರೂ ಆಯ್ತಾ?" ಎಂದು ಕೇಳಿದರು. "ಏನಿಲ್ಲ ಡಾಕ್ಟ್ರೇ" ಎಂದೆ. ಮೆಟ್ಟಿಲಿಳಿದು ಹೊರಗೆ ಬಂದ ಮೇಲೆ ಕಾಲು ನಿಂತಿತು. ಅಪ್ಪ ತೀರಿಕೊಂಡು ಆಗ ಹದಿನಾಲ್ಕು ತಿಂಗಳಾಗಿತ್ತು.

ಅಪ್ಪ ಹೋದದ್ದನ್ನು ಮರೆತಿದ್ದೆ ಎಂದಲ್ಲ. ಯಾರಾದರೂ ನೇರವಾಗಿ ಕೇಳಿದ್ದರೆ ದಿನ, ವಾರ, ಆಸ್ಪತ್ರೆಯ ಕೋಣೆಯ ನಂಬರು ಎಲ್ಲವನ್ನೂ ಹೇಳುತ್ತಿದ್ದೆ. ಆದರೆ "ಏನಾದ್ರೂ ಆಯ್ತಾ" ಎಂಬ ಪ್ರಶ್ನೆಗೆ ನನ್ನ ಬಾಯಿ ತಾನಾಗಿಯೇ "ಏನಿಲ್ಲ" ಎಂದಿತ್ತು. ಆ ಎರಡು ಸಂಗತಿಗಳ ನಡುವಿನ ಅಂತರ ನನ್ನನ್ನು ಹೆದರಿಸಿತು. ಅದೇ ಹೆದರಿಕೆಯಲ್ಲಿ ಮನೋವಿಶ್ಲೇಷಣೆಯ ಚಿಕಿತ್ಸಕಿಯೊಬ್ಬರನ್ನು ಹುಡುಕಿಕೊಂಡು ಹೋದೆ. ಅಲ್ಲಿ ಕಳೆದ ಮೂರೂವರೆ ವರ್ಷದಲ್ಲಿ ಏನಾಯಿತು ಎಂಬುದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಇದೆ. ಈ ಚಿಕಿತ್ಸೆಯ ಬಗ್ಗೆ ಜನರ ತಲೆಯಲ್ಲಿರುವ ಚಿತ್ರಕ್ಕೂ ಅಲ್ಲಿ ನಿಜವಾಗಿ ನಡೆಯುವುದಕ್ಕೂ ಬಹಳ ದೂರ.

ಮೊದಲ ನಾಲ್ಕು ಭೇಟಿಗಳು ಬರಿಯ ಪರಿಚಯಕ್ಕೆ. ಈ ಚಿಕಿತ್ಸೆ ನನಗೆ ಒಗ್ಗುತ್ತದೆಯೇ ಎಂದು ಅವರೂ ನೋಡಬೇಕಿತ್ತು, ಅವರ ಮುಂದೆ ಮಾತಾಡಲು ನನ್ನಿಂದ ಆಗುತ್ತದೆಯೇ ಎಂದು ನಾನೂ ನೋಡಬೇಕಿತ್ತು. ಆಮೇಲೆ ಕರಾರು. ವಾರಕ್ಕೆ ಎರಡು ದಿನ, ನಿಗದಿತ ಹೊತ್ತು, ತಲಾ 50 ನಿಮಿಷ. ನಾನು ತಪ್ಪಿಸಿದರೂ ಆ ಹೊತ್ತು ನನ್ನದೇ, ಹಾಗಾಗಿ ಶುಲ್ಕವೂ ನನ್ನದೇ. ಶಾಸ್ತ್ರೀಯ ಮನೋವಿಶ್ಲೇಷಣೆ ಎಂದರೆ ವಾರಕ್ಕೆ ನಾಲ್ಕೈದು ದಿನ; ಈ ಪದ್ಧತಿಯನ್ನು ಹುಟ್ಟುಹಾಕಿದ ಫ್ರಾಯ್ಡ್ ರೋಗಿಗಳನ್ನು ವಾರಕ್ಕೆ ಆರು ದಿನ ನೋಡುತ್ತಿದ್ದ. ನನ್ನದು ಅದೇ ಮರದ ಸಣ್ಣ ಕೊಂಬೆ, ಮನೋವಿಶ್ಲೇಷಣಾತ್ಮಕ ಥೆರಪಿ. ನಿಯಮ ಒಂದೇ. ಮನಸ್ಸಿಗೆ ಏನು ಬಂದರೂ ಹೇಳಬೇಕು. ಸಣ್ಣದು, ನಾಚಿಕೆಗೇಡಿನದು, ಸಂಬಂಧವಿಲ್ಲದ್ದು, ಅವರ ಬಗ್ಗೆಯೇ ಆಡಬಾರದ ಮಾತು, ಯಾವುದನ್ನೂ ಜರಡಿ ಹಿಡಿಯಬಾರದು. 1913ರ ಒಂದು ಲೇಖನದಲ್ಲಿ ಫ್ರಾಯ್ಡ್ ಇದಕ್ಕೊಂದು ಉಪಮೆ ಕೊಟ್ಟಿದ್ದಾನೆ: ರೈಲಿನ ಕಿಟಕಿಯ ಪಕ್ಕ ಕೂತವರು ಹೊರಗೆ ಬದಲಾಗುತ್ತಾ ಹೋಗುವ ನೋಟವನ್ನು ಒಳಗೆ ಕೂತವರಿಗೆ ಹೇಳುತ್ತಾ ಹೋದ ಹಾಗೆ. ಓದುವಾಗ ಎಷ್ಟು ಸುಲಭ. ಮಾಡಲು ಹೋದರೆ ಎರಡನೆಯ ವಾಕ್ಯಕ್ಕೇ ಗೊತ್ತಾಗುತ್ತದೆ, ಕಿಟಕಿಗೆ ನಾವೇ ಪರದೆ ಎಳೆಯುತ್ತಿದ್ದೇವೆ ಎಂದು.

ನಾನು ಓದಿಕೊಂಡೇ ಹೋಗಿದ್ದೆ, ಅದೂ ಚೆನ್ನಾಗಿ ಓದಿಕೊಂಡು. ಫ್ರಾಯ್ಡನ ಹಿರಿಯ ಗೆಳೆಯ, ವೈದ್ಯ ಬ್ರಾಯರ್ 1880ರಿಂದ 1882ರವರೆಗೆ ನೋಡಿದ ಬೆರ್ಟಾ ಪಾಪೆನ್‌ಹೈಮ್ ಎಂಬ ಯುವತಿಯ ಕಥೆಯಂತೂ ಬಾಯಿಪಾಠವಾಗಿತ್ತು. ಕಾಯಿಲೆ ಬಿದ್ದ ತಂದೆಯ ಆರೈಕೆ ಮಾಡುತ್ತಲೇ ಕಾಯಿಲೆ ಬಿದ್ದವಳು ಆಕೆ. ಒಂದು ಹಂತದಲ್ಲಿ ಲೋಟ ತುಟಿಗೆ ತಾಗಿದರೂ ನೀರು ಕುಡಿಯಲಾಗದೆ ವಾರಗಟ್ಟಲೆ ಒದ್ದಾಡಿದಳು. ಅರೆಮಂಪರಿನಲ್ಲಿ, ಯಾರದೋ ಲೋಟದಿಂದ ನಾಯಿಯೊಂದು ನೀರು ಕುಡಿದದ್ದನ್ನು ನೋಡಿ ಅಸಹ್ಯಪಟ್ಟು, ಸಭ್ಯತೆಗಾಗಿ ಬಾಯಿ ಮುಚ್ಚಿಕೊಂಡಿದ್ದ ಸಂಗತಿ ಹೊರಬಂತು. ಹೇಳಿ ಮುಗಿಸಿದವಳೇ ನೀರು ಕೇಳಿ ಕುಡಿದಳು. ಇದಕ್ಕೆ "ಮಾತಿನ ಚಿಕಿತ್ಸೆ" ಎಂದು ಹೆಸರಿಟ್ಟದ್ದು ಡಾಕ್ಟರಲ್ಲ, ಅವಳೇ. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ ತಂದ ಪುಸ್ತಕದಲ್ಲಿ ಅವಳು ಆನಾ ಓ. ಎಂಬ ಹೆಸರಿನಲ್ಲಿದ್ದಾಳೆ.

ಗಂಟಲಿನ ಗಂಟು ಹೊತ್ತವನಿಗೆ ಈ ಕಥೆ ಎಷ್ಟು ಹಿಡಿಸಿರಬೇಡ! ನನಗೂ ಅಂಥದೊಂದು ನಾಯಿ, ಅಂಥದೊಂದು ಲೋಟ ಎಲ್ಲೋ ಅಡಗಿದೆ. ಸಿಕ್ಕ ಕ್ಷಣ ಗಂಟು ಕರಗುತ್ತದೆ ಎಂದು ನಂಬಿದ್ದೆ. ಬ್ರಾಯರ್ ಚಿಕಿತ್ಸೆ ನಿಲ್ಲಿಸಿದ ಮೇಲೂ ಆಕೆ ಸ್ಯಾನಟೋರಿಯಂ ಸೇರಬೇಕಾಯಿತು, ಪೂರ್ತಿ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು ಎಂಬುದನ್ನೂ ಓದಿದ್ದೆ. ಆ ಭಾಗವನ್ನು ಮಾತ್ರ ಬದಿಗಿಟ್ಟಿದ್ದೆ.

ಮೊದಲ ಐದಾರು ತಿಂಗಳು ನಾನು ಮಾಡಿದ್ದು ಉಪನ್ಯಾಸ. ದಮನ ಎಂದರೇನು (ಸಹಿಸಲಾಗದ್ದನ್ನು ಮನಸ್ಸು ಅರಿವಿನಿಂದ ಆಚೆ ತಳ್ಳುವುದು), ರಕ್ಷಣಾ ತಂತ್ರ ಎಂದರೇನು (ನೋವು ತಟ್ಟದಂತೆ ಮನಸ್ಸು ತಾನೇ ಹೂಡುವ ಉಪಾಯ), ನನ್ನ ವಿಷಯದಲ್ಲಿ ಯಾವುದು ಹೇಗೆ ಕೆಲಸ ಮಾಡುತ್ತಿರಬಹುದು ಎಂದೆಲ್ಲ ಎದುರು ಕುರ್ಚಿಯಲ್ಲಿ ಕೂತ ಅವರಿಗೆ ಹೇಳುತ್ತಿದ್ದೆ. ಅವರು ಕೇಳುತ್ತಿದ್ದರು. ಒಂದು ದಿನ ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮೆಲ್ಲಗೆ ಹೇಳಿದರು: "ಐವತ್ತು ನಿಮಿಷ ಆಗ್ತಾ ಬಂತು. ನಿಮ್ಮ ಅಪ್ಪ ಎಲ್ಲೂ ಬರಲಿಲ್ಲ."

ನನಗೆ ಮುಖ ಬಿಸಿಯಾಯಿತು. ಭಾವನೆ ಹತ್ತಿರ ಬರದಂತೆ ಬುದ್ಧಿಯ ಬೇಲಿ ಕಟ್ಟಿಕೊಳ್ಳುವುದು ಕೂಡ ಒಂದು ರಕ್ಷಣಾ ತಂತ್ರ. ಫ್ರಾಯ್ಡನ ಮಗಳು ಆನಾ ಫ್ರಾಯ್ಡ್ 1936ರಲ್ಲೇ ಅದನ್ನು ವಿವರವಾಗಿ ಬರೆದಿದ್ದಳು. ಅದನ್ನೂ ನಾನು ಓದಿದ್ದೆ. ಓದಿದ್ದರಿಂದ ಏನೂ ಆಗಿರಲಿಲ್ಲ. ಔಷಧಿಯ ಚೀಟಿ ಓದಿದರೆ ಜ್ವರ ಇಳಿಯುವುದಿಲ್ಲ.

ಎಂಟನೆಯ ತಿಂಗಳಿಗೆ ಮಂಚಕ್ಕೆ ಹೋದೆ. ಹಾಗೆಂದರೆ ಒಂದು ಉದ್ದನೆಯ ದಿವಾನ, ತಲೆಯ ಕಡೆ ಸ್ವಲ್ಪ ಎತ್ತರ, ಒಂದು ದಿಂಬು. ಅವರ ಕುರ್ಚಿ ನನ್ನ ತಲೆಯ ಹಿಂದೆ, ಕಣ್ಣಿಗೆ ಕಾಣದಂತೆ. ಫ್ರಾಯ್ಡನ ಮಂಚ 1890ರ ಸುಮಾರಿಗೆ ಒಬ್ಬ ರೋಗಿ ಕೃತಜ್ಞತೆಯಿಂದ ಕೊಟ್ಟದ್ದು. ಈಗಲೂ ಲಂಡನ್ನಿನಲ್ಲಿ ಅವನು ಕೊನೆಗಾಲ ಕಳೆದ ಮನೆಯಲ್ಲಿದೆ. ದಿನಕ್ಕೆ ಎಂಟು ಗಂಟೆ ಜನ ತನ್ನನ್ನೇ ದಿಟ್ಟಿಸುವುದು ಸಹಿಸಲಾಗದು ಎಂದು ಅವನೇ ಬರೆದುಕೊಂಡಿದ್ದಾನೆ. ಆದರೆ ಮಲಗಿದವನ ಕಡೆಯಿಂದ ನೋಡಿದರೆ ಆಗುವುದೇ ಬೇರೆ. ಎದುರಿಗೆ ಮುಖ ಇದ್ದಾಗ ನಾವು ಅದನ್ನು ನೋಡಿಕೊಂಡು ಮಾತು ತಿದ್ದುತ್ತೇವೆ. ಮುಖವೇ ಇಲ್ಲದಿದ್ದರೆ ಮನಸ್ಸು ಸುಮ್ಮನಿರುವುದಿಲ್ಲ, ತಾನೇ ಒಂದು ಮುಖ ಬರೆದುಕೊಳ್ಳುತ್ತದೆ.

ನಾನು ಬರೆದುಕೊಂಡ ಮುಖ ಸಿಡುಕಿನದು. ಅವರು ಸ್ವಲ್ಪ ಮೌನವಾದರೆ ಸಾಕು, ಬೇಸರವಾಗಿದೆ ಎಂದುಕೊಳ್ಳುತ್ತಿದ್ದೆ. ಕುರ್ಚಿ ಕಿರ್ರೆಂದರೆ ಎದ್ದು ಹೋಗುತ್ತಿದ್ದಾರೆ ಅನ್ನಿಸುತ್ತಿತ್ತು. ಒಂದೇ ಒಂದು ದಿನವೂ ತಡವಾಗಿ ಹೋಗಲಿಲ್ಲ. ಹತ್ತು ನಿಮಿಷ ಮೊದಲೇ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತು, ಇವತ್ತು ಏನು ಹೇಳಿದರೆ ಅವರಿಗೆ ಹಿಡಿಸಬಹುದು ಎಂದು ಜೋಡಿಸಿಕೊಳ್ಳುತ್ತಿದ್ದೆ. ಆ ಕೋಣೆಯಲ್ಲಿ ಅವರು ನನ್ನ ಮೇಲೆ ಒಮ್ಮೆಯೂ ರೇಗಿದ್ದಿಲ್ಲ. ಹಾಗಾದರೆ ಈ ಸಿಡುಕು ಮುಖ ಯಾರದು?

ಇದೇ ಟ್ರಾನ್ಸ್‌ಫರೆನ್ಸ್. ಕನ್ನಡದಲ್ಲಿ ಭಾವವರ್ಗಾವಣೆ ಎನ್ನುತ್ತಾರೆ. ಬಾಲ್ಯದಲ್ಲಿ ಯಾರ ಮುಂದೆ ಹೇಗೆ ನಿಂತಿದ್ದೆವೋ ಹಾಗೆಯೇ ಈಗಿನ ವ್ಯಕ್ತಿಯ ಮುಂದೆಯೂ ನಿಂತುಬಿಡುತ್ತೇವೆ, ಅದು ಹಳೆಯ ಭಂಗಿ ಎಂಬ ಅರಿವೇ ಇಲ್ಲದೆ. ಚಿಕಿತ್ಸಕಿ ಹೆಂಗಸು, ನನ್ನೊಳಗಿನ ಮುಖ ಅಪ್ಪನದು, ಅದು ಅಡ್ಡಿಯಾಗುವುದಿಲ್ಲ. ಮನಸ್ಸಿಗೆ ಬೇಕಾದದ್ದು ಹೋಲಿಕೆಯಲ್ಲ, ಖಾಲಿ ಜಾಗ. ಈ ಚಿಕಿತ್ಸೆಯಲ್ಲಿ ಚಿಕಿತ್ಸಕರು ತಮ್ಮ ಮನೆಯ ಸುದ್ದಿ ಹೇಳುವುದಿಲ್ಲ, ಸಲಹೆ ಕೊಡುವುದಿಲ್ಲ, ಕೇಳಿದ ಪ್ರಶ್ನೆಗೆಲ್ಲ ಉತ್ತರಿಸುವುದಿಲ್ಲ ಎಂದು ಜನ ದೂರುತ್ತಾರೆ. ನಾನೂ ದೂರಿದ್ದೇನೆ. ಆದರೆ ಆ ಜಾಗವನ್ನು ಅವರು ತಮ್ಮ ವಿವರಗಳಿಂದ ತುಂಬಿಸಿದ್ದರೆ ನನ್ನೊಳಗಿನದು ಬಂದು ಕೂರಲು ಎಡೆಯೇ ಇರುತ್ತಿರಲಿಲ್ಲ.

ಇನ್ನು ಕನಸಿನ ಮಾತು. ಎರಡನೆಯ ವರ್ಷದ ಆರಂಭದಲ್ಲಿ ಒಂದು ಕನಸು ಬಿತ್ತು. ಬಿಳಿ ಅಂಗಿಯೊಂದನ್ನು ತೊಳೆಯುತ್ತಿದ್ದೇನೆ. ತೋಳಿನ ಹತ್ತಿರ ಕಂದು ಬಣ್ಣದ ಕರೆ. ಉಜ್ಜಿದಷ್ಟೂ ಹರಡುತ್ತಿದೆ. ಹಿಂದಿನಿಂದ ಯಾರೋ ಬಾಗಿಲ ಗಂಟೆ ಒತ್ತುತ್ತಿದ್ದಾರೆ, ಬಿಟ್ಟೂ ಬಿಡದೆ. ಕೈ ಒದ್ದೆ, ತೆರೆಯುವ ಹಾಗಿಲ್ಲ. ಇಷ್ಟೇ.

ಹೇಳಿ ಮುಗಿಸಿದೆ. ಅಂಗಿ, ಸೋಪು, ಬಿಳಿ ಬಣ್ಣ ಎಂದು ಒಂದೊಂದನ್ನೇ ಹಿಡಿದು ಏನೇನೋ ನೆನಪು ಮಾಡಿಕೊಂಡೆ. ಯಾವುದಕ್ಕೂ ಜೀವ ಇರಲಿಲ್ಲ. ಆಗ ಹಿಂದಿನಿಂದ ಅವರ ದನಿ:

"ಅಂಗಿಗೆ ಏನು ಹತ್ತಿತ್ತು ಅಂದ್ರಿ?"

"ಕರೆ."

"ಹೋದ ವಾರ ಪ್ಯಾಂಟಿನ ಮೇಲೆ ಇಂಕು ಚೆಲ್ಲಿದ್ದು ಹೇಳಿದ್ರಲ್ಲ, ಆಗ ಕಲೆ ಅಂದ್ರಿ."

"ಎರಡೂ ಒಂದೇ ಅಲ್ವಾ ಮೇಡಂ."

ಅವರು ಮಾತಾಡಲಿಲ್ಲ. ನಾನು ಆ ಪದವನ್ನೇ ಬಾಯಲ್ಲಿ ಹೊರಳಿಸಿದೆ. ಕರೆ. ಹತ್ತಿದ ಕರೆ. ಹೋಗದ ಕರೆ. ಬಂದ ಕರೆ. ನನ್ನ ಫೋನಿನ ಭಾಷೆಯನ್ನು ಕನ್ನಡಕ್ಕೆ ಇಟ್ಟುಕೊಂಡಿದ್ದೆ. ನಾವು ಎತ್ತದಿದ್ದರೆ ಅದರ ಪರದೆಯ ಮೇಲೆ ಮೂಡುವ ಅಕ್ಷರ: ತಪ್ಪಿದ ಕರೆ. ಅಪ್ಪ ತೀರಿಕೊಂಡ ದಿನ ನನ್ನ ಫೋನಿನಲ್ಲಿ ಉಳಿದದ್ದು ಅದೇ ಎರಡು ಪದ. ಅವರ ಫೋನ್ ಬಂದಾಗ ಹೆಸರು ನೋಡಿದ್ದೆ. ಇವರದು ದಿನಾ ಇದ್ದದ್ದೇ ಎಂದುಕೊಂಡು, ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟಿದ್ದೆ. ಆ ರಾತ್ರಿ ಅವರಿಗೆ ಹೃದಯಾಘಾತವಾಯಿತು.

ಕನಸು ಚಿತ್ರದೊಗಟಿನ ಹಾಗೆ, ಚಿತ್ರವನ್ನು ಚಿತ್ರವಾಗಿ ನೋಡದೆ ಅದರ ಹೆಸರನ್ನು ಓದಬೇಕು ಎನ್ನುತ್ತಾನೆ ಫ್ರಾಯ್ಡ್. ಅವನ ಕನಸುಗಳ ಪುಸ್ತಕ 1899ರ ನವೆಂಬರಿನಲ್ಲೇ ಹೊರಬಂದರೂ ಅದರ ಮೇಲೆ 1900 ಎಂದು ಅಚ್ಚಾಗಿತ್ತು. ಹಲವು ಸಂಗತಿಗಳು ಒಂದೇ ಚಿತ್ರಕ್ಕೆ ಒತ್ತಿ ಸೇರುತ್ತವೆ. ಭಾರವಾದ ಭಾವನೆ ಹಗುರಾದ ವಸ್ತುವಿನ ಮೇಲೆ ಕೂರುತ್ತದೆ. ಅಪ್ಪನ ಸಾವಿನ ಭಾರ ನನ್ನ ಕನಸಿನಲ್ಲಿ ಒಂದು ಅಂಗಿಯ ತೋಳಿನ ಮೇಲೆ ಕೂತಿತ್ತು. ಕನ್ನಡ ಬಾರದವರಿಗೆ ಈ ಕನಸು ಬೀಳುವ ಹಾಗೆಯೇ ಇರಲಿಲ್ಲ ಎಂಬುದು ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ. ಒಳಮನಸ್ಸಿಗೂ ಮಾತೃಭಾಷೆ ಇದೆ. ಕನಸಿಗೆ ಅರ್ಥ ಹೇಳುವ ಪಟ್ಟಿಗಳು, ಹಾವು ಕಂಡರೆ ಇಂಥದ್ದು, ನೀರು ಕಂಡರೆ ಇಂಥದ್ದು ಎನ್ನುವವು, ಹಾಗಾಗಿಯೇ ಕೆಲಸಕ್ಕೆ ಬಾರವು. ಕರೆ ಎಂದರೆ ಕನಸು ಕಂಡವನಿಗೆ ಏನು ಎಂಬುದಷ್ಟೇ ಲೆಕ್ಕ.

ಅಂದು ಹೊರಗೆ ಬಂದವನಿಗೆ ನಾಯಿಯೂ ಲೋಟವೂ ಸಿಕ್ಕಿದವು ಅನ್ನಿಸಿತ್ತು. ರಸ್ತೆಯಲ್ಲೇ ನಿಂತು ಉಗುಳು ನುಂಗಿ ನೋಡಿದೆ. ಗಂಟು ಇದ್ದಲ್ಲೇ ಇತ್ತು.

ಮರುದಿನವೂ ಇತ್ತು, ಮರುತಿಂಗಳೂ ಇತ್ತು. ಇಷ್ಟು ಕಷ್ಟಪಟ್ಟು ಗುಟ್ಟು ಕಂಡುಕೊಂಡ ಮೇಲೂ ಯಾಕೆ ಹೀಗೆ? ಮೋಸ ಹೋದೆ ಅನ್ನಿಸಿತು. ನಿಧಾನಕ್ಕೆ ಅರ್ಥವಾದದ್ದೇನೆಂದರೆ, ಅದು ಗುಟ್ಟೇ ಆಗಿರಲಿಲ್ಲ. ಫೋನ್ ಎತ್ತಲಿಲ್ಲ ಎಂಬುದು ನನಗೆ ಮೊದಲಿನಿಂದ ಗೊತ್ತಿದ್ದ ಸಂಗತಿ. ದಮನ ಎಂದರೆ ಮರೆಯುವುದು ಎಂದಷ್ಟೇ ತಿಳಿದಿದ್ದೆ. 1926ರ ಹೊತ್ತಿಗೆ ಫ್ರಾಯ್ಡ್ ಇನ್ನೊಂದನ್ನು ಬೇರೆಯಾಗಿ ಗುರುತಿಸುತ್ತಾನೆ: ನೆನಪು ನೆನಪಾಗಿಯೇ ಉಳಿಯುತ್ತದೆ, ಅದಕ್ಕೆ ಅಂಟಿದ ಭಾವನೆಯನ್ನು ಮಾತ್ರ ಕಿತ್ತು ಪಕ್ಕಕ್ಕಿಡಲಾಗುತ್ತದೆ. ನನ್ನಲ್ಲಿ ಆದದ್ದು ಅದು. ಘಟನೆ ಒಂದು ಕೋಣೆಯಲ್ಲಿ, ನೋವು ಇನ್ನೊಂದು ಕೋಣೆಯಲ್ಲಿ, ನಡುವೆ ಬಾಗಿಲಿಗೆ ಬೀಗ. ಕನಸು ಆ ಎರಡನೆಯ ಕೋಣೆಯ ವಿಳಾಸ ಕೊಟ್ಟಿತ್ತು, ಅಷ್ಟೇ. ಒಳಗೆ ನಾನಿನ್ನೂ ಕಾಲಿಟ್ಟಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ, ಸುಮಾರು ಏಳು ತಿಂಗಳ ನಂತರ, ನಿಜವಾದದ್ದು ನಡೆಯಿತು.

ತಾವು ಮೂರು ವಾರ ರಜೆಯಲ್ಲಿ ಇರುವುದಾಗಿ ಅವರು ಒಂದು ಗುರುವಾರ ಹೇಳಿದರು. ರಜೆಗೆ ಇನ್ನೂ ಒಂದು ತಿಂಗಳಿತ್ತು. "ಪರವಾಗಿಲ್ಲ ಮೇಡಂ" ಎಂದೆ. ಮುಂದಿನ ಸೋಮವಾರ ಮಧ್ಯಾಹ್ನ ನನ್ನ ಫೋನ್ ಅದುರಿತು. ಅವರ ಹೆಸರು. ಅದುವರೆಗೆ ಅವರು ಫೋನ್ ಮಾಡಿದ್ದು ಒಂದೋ ಎರಡೋ ಸಲ. ಹೆಸರು ನೋಡಿದೆ, ಸಂಜೆ ಹೇಗೂ ಹೋಗುತ್ತೇನಲ್ಲ ಎಂದುಕೊಂಡು ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟೆ.

ಸಂಜೆ ಹೋದರೆ ಬಾಗಿಲು ಹಾಕಿತ್ತು. ಗಂಟೆ ಒತ್ತಿದೆ. ಮತ್ತೆ ಒತ್ತಿದೆ. ಒಳಗೆ ಗಂಟೆ ಬಾರಿಸುವುದು ನನಗೆ ಕೇಳುತ್ತಿತ್ತು, ಬರುವವರು ಯಾರೂ ಇಲ್ಲ. ಆರನೆಯ ಸಲವೋ ಏಳನೆಯ ಸಲವೋ ಒತ್ತುವಾಗ ಕೈ ನಡುಗಲು ಶುರುವಾಯಿತು. ಕನಸಿನಲ್ಲಿ ಗಂಟೆ ಒತ್ತುತ್ತಿದ್ದವರು ಯಾರೋ ಆಗಿದ್ದರು. ಇಲ್ಲಿ ಒತ್ತುತ್ತಿರುವವನು ನಾನು. ಇಪ್ಪತ್ತು ನಿಮಿಷ ಅಲ್ಲೇ ನಿಂತೆ. ಆಮೇಲೆ ಫೋನ್ ತೆಗೆದರೆ ಒಂದು ತಪ್ಪಿದ ಕರೆ, ಅದರ ಕೆಳಗೆ ಒಂದು ಸಂದೇಶ: ಹುಷಾರಿಲ್ಲ, ಇವತ್ತಿನ ಸೆಷನ್ ಇರುವುದಿಲ್ಲ, ಗುರುವಾರ ಸಿಗೋಣ.

ಗುರುವಾರ ಮಲಗಿದವನೇ, "ತೊಂದರೆ ಏನಿಲ್ಲ ಮೇಡಂ, ನೀವು ಆರಾಮಾದ್ರಲ್ಲ, ಅಷ್ಟು ಸಾಕು" ಎಂದೆ. ಅವರು ತಡೆದು ಕೇಳಿದರು:

"ಬಾಗಿಲ ಮುಂದೆ ಎಷ್ಟು ಹೊತ್ತು ನಿಂತಿದ್ರಿ?"

"ಇಪ್ಪತ್ತು ನಿಮಿಷ."

"ಇಪ್ಪತ್ತು ನಿಮಿಷದಲ್ಲಿ ಏನೇನು ಬಂತು ಮನಸ್ಸಿಗೆ?"

ಬಹಳ ಹೊತ್ತು ಸುಮ್ಮನಿದ್ದೆ. ಆಮೇಲೆ ಹೇಳಿದೆ: "ನೀವು ಸತ್ತುಹೋಗಿದೀರಿ ಅಂತ. ನಾನು ಫೋನ್ ಎತ್ತಿದ್ದಿದ್ರೆ ಸಾಯ್ತಿರಲಿಲ್ಲ ಅಂತ."

"ಅಷ್ಟು ಶಕ್ತಿ ಇದೆಯಾ ನಿಮ್ಮ ಕೈಯಲ್ಲಿ? ಒಂದು ಫೋನ್ ಎತ್ತದೆ ಹೋದರೆ ಜನ ಸಾಯುವಷ್ಟು?"

ಕೇಳಿದ ದನಿಯಲ್ಲಿ ಚುಚ್ಚು ಇರಲಿಲ್ಲ. ಅವರು ನಿಜವಾಗಿಯೂ ಕೇಳುತ್ತಿದ್ದರು. ಮತ್ತೆ, ಇನ್ನೂ ಮೆಲ್ಲಗೆ: "ಯಾಕೆ ಎತ್ತಲಿಲ್ಲ?"

"ಕೋಪ ಬಂದಿತ್ತು." ಆ ಮಾತು ನನ್ನನ್ನು ಕೇಳದೆಯೇ ಹೊರಬಂತು. "ಮೂರು ವಾರ ಬಿಟ್ಟುಹೋಗ್ತೀನಿ ಅಂದ್ರಲ್ಲ. ಈಗ ನೀವು ಕರೆದ ತಕ್ಷಣ ನಾನು ಎತ್ತಬೇಕಾ?"

ಹೇಳುತ್ತಿದ್ದಂತೆ ಗಂಟಲುಬ್ಬಿ ಬಂತು. ಇದು ಅವರಿಗೆ ಆಡಿದ ಮಾತಲ್ಲ. ಚಿಕ್ಕಂದಿನಲ್ಲಿ ಅಪ್ಪ ಕೆಲಸಕ್ಕೆಂದು ದೂರದಲ್ಲಿದ್ದರು. ವಾರಕ್ಕೊಮ್ಮೆ ಪಕ್ಕದ ಮನೆಯ ಫೋನಿಗೆ ಕರೆ ಮಾಡುತ್ತೇನೆ ಎಂದು ಹೇಳಿ ಹೋಗುತ್ತಿದ್ದರು. ಎಷ್ಟೋ ವಾರ ಮಾಡುತ್ತಿರಲಿಲ್ಲ. ನಾನು ಆ ಮನೆಯ ಹೊಸ್ತಿಲಲ್ಲಿ ಕತ್ತಲಾಗುವ ತನಕ ಕೂತಿರುತ್ತಿದ್ದೆ. ಆ ಮನೆಯವರು ಕನಿಕರದಿಂದ "ಇವತ್ತು ಬರಲ್ಲ ಅನ್ಸತ್ತೆ ಮಗಾ" ಎನ್ನುತ್ತಿದ್ದರು. ಮುಂದೆ ನಿವೃತ್ತರಾದ ಮೇಲೆ ಅಪ್ಪ ದಿನಕ್ಕೆರಡು ಸಲ ಕರೆ ಮಾಡತೊಡಗಿದರು. ಊಟ ಆಯ್ತಾ, ಮಳೆ ಇದೆಯಾ, ಯಾವಾಗ ಬರ್ತೀಯ. ಆಗ ನಾನು ಮಗುಚಿಡಲು ಕಲಿತಿದ್ದೆ.

ಅವತ್ತು ಅತ್ತೆ. ಅಪ್ಪ ತೀರಿಕೊಂಡ ಮೂರು ವರ್ಷದ ಮೇಲೆ ಮೊದಲ ಸಲ, ಅದೂ ದುಃಖಕ್ಕಿಂತ ಹೆಚ್ಚು ಕೋಪದಿಂದ. "ನಾನು ಕಾಯ್ತಿದ್ದಾಗ ನೀವು ಮಾಡಲಿಲ್ಲ" ಎಂದು ಆ ಕೋಣೆಯ ಚಾವಣಿಗೆ ಹೇಳುತ್ತಾ.

1914ರಲ್ಲಿ ಫ್ರಾಯ್ಡ್ ಬರೆದ ಒಂದು ಮಾತಿನ ತಿರುಳು ಹೀಗೆ: ರೋಗಿ ಯಾವುದನ್ನು ನೆನಪಿಸಿಕೊಳ್ಳಲಾರನೋ ಅದನ್ನು ಮಾಡಿ ತೋರಿಸುತ್ತಾನೆ, ತಾನು ಪುನರಾವರ್ತಿಸುತ್ತಿದ್ದೇನೆ ಎಂಬುದು ಅವನಿಗೆ ತಿಳಿಯದೆಯೇ. ಕನಸಿನ ಅರ್ಥ ಕಂಡುಕೊಂಡದ್ದಕ್ಕಿಂತ ಆ ಫೋನ್ ಮಗುಚಿಟ್ಟದ್ದು ನೂರು ಪಾಲು ಹೆಚ್ಚು ಕೆಲಸ ಮಾಡಿತು, ಏಕೆಂದರೆ ಈ ಸಲ ಆಚೆ ಕಡೆಯವರು ಬದುಕಿದ್ದರು. ನನ್ನ ಕೋಪವನ್ನು ಕೇಳಿಸಿಕೊಂಡರು, ಗುರುವಾರದ ನಂತರ ಸೋಮವಾರವೂ ಅದೇ ಕುರ್ಚಿಯಲ್ಲಿ ಕೂತಿದ್ದರು. ಈ ಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು. ಒಳಗಿನ ಹಳೆಯ ಸಂಬಂಧ ಕೋಣೆಯೊಳಗೆ ಇಬ್ಬರ ನಡುವೆ ಜೀವಂತವಾಗಿ ನಡೆಯಬೇಕು. ನಡೆಯುತ್ತಿರುವಾಗಲೇ ಅದನ್ನು ಇಬ್ಬರೂ ನೋಡಬೇಕು.

ಆಮೇಲಿನ ಒಂದೂವರೆ ವರ್ಷದಲ್ಲಿ ಹೇಳಿಕೊಳ್ಳುವ ನಾಟಕೀಯ ಘಟನೆ ಯಾವುದೂ ಇಲ್ಲ. ಅದೇ ಹೊಸ್ತಿಲು, ಅದೇ ಫೋನು, ಅದೇ ಸಿಡುಕು ಮುಖ, ನೂರು ಬಾಗಿಲುಗಳಿಂದ ಮತ್ತೆ ಮತ್ತೆ. ಆಫೀಸಿನಲ್ಲಿ ಮೇಲಧಿಕಾರಿ ಮೇಲ್‌ಗೆ ಉತ್ತರಿಸದಿದ್ದಾಗ ಅದು ಬರುತ್ತಿತ್ತು. ಹೆಂಡತಿ ತಡವಾಗಿ ಬಂದಾಗ ಬರುತ್ತಿತ್ತು. ಒಮ್ಮೆ ತಿಳಿದದ್ದನ್ನು ತಿರುತಿರುಗಿ ಹಾದುಹೋಗುವ ಈ ಬೇಸರದ ಕೆಲಸಕ್ಕೇ ಹೆಚ್ಚು ಕಾಲ ಹಿಡಿಯುತ್ತದೆ. 1917ರಲ್ಲಿ ಅಚ್ಚಾದ, ಶೋಕ ಮತ್ತು ಖಿನ್ನತೆಯ ಬಗೆಗಿನ ಫ್ರಾಯ್ಡನ ಲೇಖನದ ಒಂದು ಹೊಳಹು ಆಗ ನನಗೆ ಊರುಗೋಲಾಯಿತು: ತನ್ನನ್ನೇ ತಾನು ಹಳಿದುಕೊಳ್ಳುವವರ ದೂರುಗಳನ್ನು ತಾಳ್ಮೆಯಿಂದ ಕೇಳಿದರೆ, ಅವು ಕಳೆದುಹೋದ ಪ್ರೀತಿಯ ವ್ಯಕ್ತಿಯ ಮೇಲಿನ ದೂರುಗಳು. "ನಾನು ಕರೆಗೆ ಓಗೊಡಲಿಲ್ಲ" ಎಂದು ನನ್ನನ್ನು ಚುಚ್ಚುತ್ತಿದ್ದ ಮುಳ್ಳಿನ ಇನ್ನೊಂದು ತುದಿ ಅಪ್ಪನ ಕಡೆಗಿತ್ತು. ಸತ್ತವರ ಮೇಲೆ ಕೋಪಿಸಿಕೊಳ್ಳುವುದು ಹೇಗೆ ಎಂದು ಅದನ್ನು ನನ್ನ ಕಡೆಗೇ ತಿರುಗಿಸಿಕೊಂಡಿದ್ದೆ.

ಆ ತಿರುಗಿಸುವ ಕೈ ಯಾವುದು ಎಂಬುದಕ್ಕೆ 1923ರಲ್ಲಿ ಅವನು ಕೊಟ್ಟ ಹೆಸರು ಸೂಪರ್ ಈಗೋ. ಇಡ್, ಈಗೋ, ಸೂಪರ್ ಈಗೋ ಎಂದು ನಾವು ಹೇಳುವುದು ಇಂಗ್ಲಿಷ್ ಅನುವಾದಕರು ತಂದ ಲ್ಯಾಟಿನ್ ಹೆಸರುಗಳು. ಫ್ರಾಯ್ಡ್ ಬರೆದದ್ದು ಮನೆಮಾತಿನ ಜರ್ಮನ್: ಅದು, ನಾನು, ಮೇಲಿನ ನಾನು. ಕನ್ನಡದಲ್ಲಿ ಇದು ಎಷ್ಟು ಸಹಜವಾಗಿ ಕೂರುತ್ತದೆ! ನಾವು "ಕೋಪಿಸಿದೆ" ಎನ್ನುವುದಕ್ಕಿಂತ "ಕೋಪ ಬಂತು" ಎನ್ನುವುದೇ ಹೆಚ್ಚು. ಅಳು ಬರುತ್ತದೆ, ನೆನಪು ಬರುತ್ತದೆ, ಆಸೆ ಹುಟ್ಟುತ್ತದೆ. ಎಲ್ಲಿಂದಲೋ ಬರುತ್ತದೆ "ಅದು". ಅದನ್ನು ಎದುರುಗೊಳ್ಳುವುದು "ನಾನು". ಮೇಲೆ ನಿಂತು ತೀರ್ಪು ಕೊಡುವುದು "ಮೇಲಿನ ನಾನು", ಅದರ ದನಿ ಬಹುಪಾಲು ಅಪ್ಪ ಅಮ್ಮಂದಿರದು. ನನ್ನ ಮೇಲಿನ ನಾನು, ನಿಜವಾದ ಅಪ್ಪನಿಗಿಂತ ಎಷ್ಟೋ ಪಟ್ಟು ಕಟುವಾಗಿದ್ದ.

ಬಿಟ್ಟುಬಿಡಬೇಕು ಎಂದು ಅನ್ನಿಸಿದ್ದು ಎರಡು ಸಲ. ಒಮ್ಮೆ ಹೇಳಿಯೂಬಿಟ್ಟಿದ್ದೆ. ಅವರು ತಡೆಯಲಿಲ್ಲ, ಇನ್ನೂ ನಾಲ್ಕು ಸೆಷನ್ ಇದರ ಬಗ್ಗೆಯೇ ಮಾತಾಡೋಣ ಎಂದರು. ಡೋರಾ ಎಂಬ ಹದಿನೆಂಟರ ಹುಡುಗಿ 1900ರ ಕೊನೆಗೆ, ಹನ್ನೊಂದು ವಾರಕ್ಕೇ ಫ್ರಾಯ್ಡನನ್ನು ಬಿಟ್ಟು ಹೊರನಡೆದಳು. ಟ್ರಾನ್ಸ್‌ಫರೆನ್ಸನ್ನು ಸಕಾಲದಲ್ಲಿ ಗುರುತಿಸದೆ ಸೋತೆ ಎಂದು 1905ರಲ್ಲಿ ಪ್ರಕಟಿಸಿದ ಬರಹದಲ್ಲಿ ಅವನು ಒಪ್ಪಿಕೊಂಡಿದ್ದಾನೆ. ಅವಳ ಮಾತನ್ನು ಕೇಳುವುದಕ್ಕಿಂತ ತನ್ನ ವ್ಯಾಖ್ಯಾನವನ್ನು ಅವಳ ಮೇಲೆ ಹೇರಿದ್ದೂ ಅಲ್ಲಿ ಎದ್ದು ಕಾಣುತ್ತದೆ. ಹೆಂಗಸರ ಬಗ್ಗೆ ಅವನು ಬರೆದದ್ದರಲ್ಲಿ ಬಹಳಷ್ಟನ್ನು ಮನೋವಿಶ್ಲೇಷಕಿ ಕರೆನ್ ಹಾರ್ನೈ 1920ರ ದಶಕದಲ್ಲೇ ಪ್ರಶ್ನಿಸಿದ್ದಳು, ನಾನು ಅವಳ ಪಕ್ಷ. ಫ್ರಾಯ್ಡ್ ಹೇಳಿದ್ದನ್ನೆಲ್ಲ ಒಪ್ಪಬೇಕಾಗಿಲ್ಲ, ಇವತ್ತಿನ ಚಿಕಿತ್ಸಕರೂ ಒಪ್ಪುವುದಿಲ್ಲ.

ಒಂದು ಮಾತನ್ನು ಜವಾಬ್ದಾರಿಯಿಂದ ಹೇಳಬೇಕು. ಪ್ರಾಣ ಕಳೆದುಕೊಳ್ಳುವ ಯೋಚನೆ ಬರುತ್ತಿರುವವರು, ಇಲ್ಲದ ದನಿ ಕೇಳುತ್ತಿರುವವರು, ಹಾಸಿಗೆಯಿಂದ ಏಳಲೂ ಆಗದಷ್ಟು ಕುಸಿದವರು ಮೊದಲು ಮನೋವೈದ್ಯರನ್ನು ಕಾಣಬೇಕು, ತಡಮಾಡದೆ. ಔಷಧಿಗೂ ಈ ಚಿಕಿತ್ಸೆಗೂ ಜಗಳವಿಲ್ಲ, ಎರಡೂ ಜೊತೆಯಲ್ಲಿ ನಡೆಯುತ್ತವೆ. ನಿಧಾನದ ಚಿಕಿತ್ಸೆಗೆ ತುರ್ತನ್ನು ಹೊರಿಸಬಾರದು.

ಗಂಟಲಿನ ಗಂಟು ಯಾವಾಗ ಹೋಯಿತು ಎಂದು ನನಗೆ ಹೇಳಲು ಬರುವುದಿಲ್ಲ. ಮೂರನೆಯ ವರ್ಷದಲ್ಲಿ ಯಾವಾಗಲೋ ಒಂದು ದಿನ, ಅದನ್ನು ನೆನೆಸಿಕೊಂಡು ತಿಂಗಳೇ ಆಯಿತಲ್ಲ ಅನ್ನಿಸಿತು. ಆಮೇಲೆ ಇಬ್ಬರೂ ಕೂಡಿ ಮುಗಿಸುವ ದಿನಾಂಕ ಗೊತ್ತುಮಾಡಿದೆವು, ಐದು ತಿಂಗಳು ಮುಂಚೆಯೇ. ದಿನಾಂಕ ಗೊತ್ತಾದ ವಾರವೇ ಗಂಟು ಮರಳಿ ಬಂತು. ಹೆದರಿಬಿಟ್ಟೆ. ಮುಗಿಯುವ ಹೊತ್ತಿಗೆ ಹಳೆಯ ಲಕ್ಷಣ ಒಮ್ಮೆ ಬಂದು ಹೋಗುವುದು ಉಂಟು ಎಂದರು. ಅವರನ್ನೂ ಕಳೆದುಕೊಳ್ಳಬೇಕಿತ್ತಲ್ಲ.

ಆ ದಿನಗಳಲ್ಲೇ ಹಳೆಯ ಫೋನನ್ನು ಹೊರತೆಗೆದೆ. ಅಪ್ಪ ಹೋದ ತಿಂಗಳೇ ಬದಲಾಯಿಸಿ ಡ್ರಾಯರಿನ ತಳಕ್ಕೆ ತಳ್ಳಿದ್ದು. ಚಾರ್ಜಿಗೆ ಹಾಕಿದೆ. ಬಹಳ ಹೊತ್ತಿನ ಮೇಲೆ ಪರದೆ ಬೆಳಗಿತು. ಕರೆಗಳ ಪಟ್ಟಿ ಹಾಗೇ ಇತ್ತು. ನನ್ನ ನೆನಪಿನಲ್ಲಿ ಆ ಕರೆ ಬಂದದ್ದು ರಾತ್ರಿ ಹತ್ತಕ್ಕೆ, ಅವರಿಗೆ ಎದೆನೋವು ಶುರುವಾಗುವ ಸ್ವಲ್ಪ ಮೊದಲು. ಪಟ್ಟಿಯಲ್ಲಿ ತಪ್ಪಿದ ಕರೆಯ ಹೊತ್ತು ಸಂಜೆ 6:40. ಅದರ ಕೆಳಗೆ ಇನ್ನೊಂದು ಸಾಲು: ಅದೇ ದಿನ ಮಧ್ಯಾಹ್ನ 1:15, ಅಪ್ಪ, ಸ್ವೀಕರಿಸಿದ ಕರೆ, 4 ನಿಮಿಷ 11 ಸೆಕೆಂಡು.

ಅವತ್ತು ನಾವು ಮಾತಾಡಿದ್ದೆವು. ಅದು ನನಗೆ ಪೂರ್ತಿ ಮರೆತೇಹೋಗಿತ್ತು.

ಓಡುತ್ತಾ ಹೋದ ಹಾಗೆ ಹೋಗಿ ಅವರಿಗೆ ಹೇಳಿದೆ. ನೋಡಿ, ಹತ್ತು ಗಂಟೆಗಲ್ಲ, ಮಧ್ಯಾಹ್ನ ಎತ್ತಿದ್ದೆ ಕೂಡ ಎಂದೆ. ಅವರು ಸ್ವಲ್ಪ ಹೊತ್ತು ಬಿಟ್ಟು, "ತಪ್ಪಿಲ್ಲ ಅಂತ ಸಾಬೀತು ಮಾಡೋಕೆ ಪುರಾವೆ ತಂದಿದೀರಿ" ಎಂದರು. ನಿಜ, ತಂದಿದ್ದೆ, ಮೇಲಿನ ನಾನಿನ ಮುಂದೆ ಮಂಡಿಸಲು. ಆಮೇಲೆ ಅವರು ಕೇಳಿದರು: "ಆ ನಾಲ್ಕು ನಿಮಿಷ ಯಾಕೆ ಹೋಯ್ತು?"

ಉಳಿದ ಸೆಷನ್‌ಗಳೆಲ್ಲ ಹೆಚ್ಚುಕಡಿಮೆ ಆ ನಾಲ್ಕು ನಿಮಿಷದ ಸುತ್ತಲೇ ಕಳೆದವು. ಶಿಕ್ಷೆ ಪೂರ್ತಿಯಾಗಬೇಕಾದರೆ ಆ ಮಾತುಕತೆ ಇರಬಾರದಿತ್ತು. ಇದ್ದರೆ ಅಪ್ಪ ನನ್ನನ್ನು ಮಾತಾಡಿಸಿಯೇ ಹೋದಂತಾಗುತ್ತಿತ್ತು. ಇದನ್ನು ಹೇಳಿದ್ದು ನಾನೇ, ಕೊನೆಯ ತಿಂಗಳಿನಲ್ಲಿ. ಕೊನೆಯ ದಿನ ಅವರು ಎಂದಿನಂತೆ "ಹೊತ್ತಾಯಿತು" ಎಂದರು. ಎದ್ದು ಕೂತೆ, ಚಪ್ಪಲಿ ಮೆಟ್ಟಿಕೊಂಡೆ, ತಿರುಗಿ ಅವರ ಮುಖವನ್ನು ನೋಡಿದೆ. ಕಣ್ಣು ಒದ್ದೆಯಾಗಿತ್ತೋ ನನಗೆ ಹಾಗೆ ಕಂಡಿತೋ. ಕೈ ಮುಗಿದು ಬಂದೆ.

ಹಳೆಯ ಫೋನು ಈಗ ಡ್ರಾಯರಿನ ತಳದಲ್ಲಿಲ್ಲ, ಮೇಜಿನ ಮೇಲಿದೆ. ಆಗಾಗ ಚಾರ್ಜಿಗೆ ಹಾಕುತ್ತೇನೆ. ಊಟ ಆಯ್ತಾ ಎಂದು ಕೇಳಿರುತ್ತಾರೆ, ಮಳೆಯ ಬಗ್ಗೆ ಕೇಳಿರುತ್ತಾರೆ. ಆದರೆ ಅಷ್ಟಕ್ಕೆ ಒಂದು ನಿಮಿಷ ಸಾಕು. ಮಿಕ್ಕ ಮೂರು ನಿಮಿಷ ನಾವಿಬ್ಬರೂ ಏನು ಮಾತಾಡಿದೆವು ಎಂದು ಇನ್ನೂ ನೆನಪಾಗಿಲ್ಲ.